ಟಾರ್ಚ್ ಹಿಡಿದು ಲೆನ್ಸ್ ಹುಡುಕಲು ಹೊರಟವರಿಗೆ

ಕಿರುಚಿತ್ರ ತೆಗೆಯಲೆಂದು ಹಳೆಯ ರೀಲ್ ಕ್ಯಾಮೆರಾಗಳ ಲೆನ್ಸ್ ನೋಡಲು ಯಾರ ಮನೆಗೆ ಹೋದರೂ ಕೈಯಲ್ಲಿ ಒಂದು ಚಿಕ್ಕ ಟಾರ್ಚ್ ಇರಲಿ. ಮೊಬೈಲಿನ ಬೆಳಕೂ ನಡೆಯುತ್ತದೆ, ಆದರೆ ಅದನ್ನು ಹಿಡಿದ ಹೊತ್ತಿಗೇ ಯಾರಾದರೂ ಕರೆ ಮಾಡುತ್ತಾರೆ. ಟಾರ್ಚ್ ಇಲ್ಲದೆ ನಾನು ಕೊಂಡ ಮೊದಲ ಲೆನ್ಸ್ ಹೊರಗಿನಿಂದ ಈಗಷ್ಟೇ ತೊಳೆದ ಬೆಳ್ಳಿ ಬಟ್ಟಲಿನಂತೆ ಹೊಳೆಯುತ್ತಿತ್ತು. ಮನೆಗೆ ತಂದು ಕಿಟಕಿಗೆ ಹಿಡಿದರೆ ಒಳಗೆ ಬೇರು ಬಿಟ್ಟ ಬೂಷ್ಟು. 1,800 ರೂಪಾಯಿ ಕೊಟ್ಟಿದ್ದೆ. ಆ ಲೆನ್ಸ್ ಈಗ ನಮ್ಮ ಮನೆಯಲ್ಲಿ ಕರೆಂಟ್ ಬಿಲ್ಲುಗಳ ಮೇಲೆ ಕುಳಿತಿದೆ.

ನಾನು ಕಲಬುರಗಿಯಲ್ಲಿ ಮದುವೆ ವಿಡಿಯೋಗಳ ಎಡಿಟಿಂಗ್ ಮಾಡಿ ಬದುಕುವವಳು. ಲಗ್ನಗಳಿಲ್ಲದ ತಿಂಗಳುಗಳಲ್ಲಿ ಕಿರುಚಿತ್ರ ಮಾಡುತ್ತೇನೆ. ಈವರೆಗೆ ಮೂರು ಆಗಿವೆ. ಮೂರಕ್ಕೂ ಸೇರಿಸಿ ಖರ್ಚಾದ ಹಣದಲ್ಲಿ ಒಂದು ಲಗ್ನದ ಮಂಟಪಕ್ಕೆ ಹೂವು ಕಟ್ಟಿಸಲೂ ಆಗುವುದಿಲ್ಲ. ಹೊಸ ಹುಡುಗರು ಬಂದು, 'ಅಕ್ಕ, ಯಾವ ಲೆನ್ಸ್ ತರಿಸಲಿ?' ಎಂದು ಕೇಳುತ್ತಾರೆ. ತರಿಸಬೇಡಿ ಎನ್ನುತ್ತೇನೆ. ಈ ಊರಿನ, ಸುತ್ತಲಿನ ತಾಲ್ಲೂಕುಗಳ ಅಲಮಾರಿಗಳಲ್ಲೇ ಬೇಕಾದಷ್ಟು ಬಿದ್ದಿವೆ. ಅವನ್ನು ಕೂರಿಸುವ ಡಿಜಿಟಲ್ ಕ್ಯಾಮೆರಾ ಒಂದನ್ನು ಮಾತ್ರ ಲೆಕ್ಕ ಹಾಕಿ ಕೊಳ್ಳಬೇಕು, ಅದೂ ಲೆನ್ಸ್ ಸಿಕ್ಕ ಮೇಲೆ.

ನನಗೆ ಸಿಕ್ಕಿದ್ದು ಶಹಾಬಾದಿನಲ್ಲಿ. ನಮ್ಮ ಸೋದರಮಾವ ಅಲ್ಲಿ ಸ್ಟುಡಿಯೋ ಇಟ್ಟಿದ್ದರು. ಪಾಸ್‌ಪೋರ್ಟ್ ಫೋಟೋ, ಲಗ್ನ, ಮಕ್ಕಳ ಜಾವಳ, ವರ್ಷಕ್ಕೊಮ್ಮೆ ಶಾಲೆಯ ಗುಂಪು ಚಿತ್ರ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಸ್ಟುಡಿಯೋ ಮುಚ್ಚಿ ಅದೇ ಕೋಣೆಯಲ್ಲಿ ಝೆರಾಕ್ಸ್ ಯಂತ್ರ ಇಟ್ಟರು. ಉಕ್ಕಿನ ಅಲಮಾರಿ ಮಾತ್ರ ಹಾಗೆಯೇ ಉಳಿದಿತ್ತು. ಅದರಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ 'ಇಂದು' ಫೋಟೋ ಕಾಗದದ ಖಾಲಿ ಡಬ್ಬಿಗಳು, ನುಸಿ ಗುಳಿಗೆಯ ವಾಸನೆ, ಮೇಲಿನ ಹಲಗೆಯಲ್ಲಿ ಬರಿಗಾಲಲ್ಲಿ ಕುಳಿತಂತೆ ಒಂದು ಸೋವಿಯತ್ ಜೆನಿಟ್ ಕ್ಯಾಮೆರಾ, ಅದರ ಮೂತಿಗೆ ಹೀಲಿಯೋಸ್ 44-2 ಲೆನ್ಸ್. ಪಕ್ಕದಲ್ಲಿ ಪೆಂಟಾಕ್ಸ್ ಕೆ1000, 50 ಎಂಎಂ ಲೆನ್ಸಿನ ಸಮೇತ. ಕೆಳಗೆ ಗಟ್ಟಿ ಚರ್ಮದ ಕವಚದೊಳಗೆ, ಗುಂಡಿ ಹಾಕಿ ಜೋಪಾನ ಮಾಡಿದ್ದ ಒಂದು 135 ಎಂಎಂ. ಈ ಎಂಎಂ ಅಂಕಿ ದೊಡ್ಡದಾದಷ್ಟೂ ನೋಟ ಬಿಗಿ, ದೂರದ್ದು ಹತ್ತಿರ.

'ಇದಕ್ಕೆ ರೀಲೇ ಸಿಗುವುದಿಲ್ಲವಲ್ಲ ತಂಗಿ, ಒಯ್ದು ಏನು ಮಾಡುತ್ತೀ?' ಎಂದರು ಮಾವ.

ಈಗ ಟಾರ್ಚಿನ ಕೆಲಸ. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ; ಅದರ ಉಂಗುರವನ್ನು ಅತಿ ಚಿಕ್ಕ ಅಂಕಿಗೆ, ಅಂದರೆ ಪೂರ್ತಿ ತೆರೆಯುವಂತೆ ತಿರುಗಿಸಿ. ಟಾರ್ಚನ್ನು ಹಿಂದಿನ ಗಾಜಿನ ಹತ್ತಿರ ಹಿಡಿದು ಮುಂದಿನಿಂದ ನೋಡಿ. ನೇರವಾಗಿ ನೋಡಿದರೆ ಕಣ್ಣು ಕುಕ್ಕುತ್ತದೆ, ಏನೂ ಕಾಣುವುದಿಲ್ಲ. ಸ್ವಲ್ಪ ಓರೆ ಮಾಡಿ, ಬೆಳಕು ಗಾಜಿನ ಮೈಮೇಲೆ ಸವರಿಕೊಂಡು ಹೋಗುವ ಹಾಗೆ. ಚುಕ್ಕಿ ಚುಕ್ಕಿಯಾಗಿ ಕಂಡರೆ ಧೂಳು. ಐವತ್ತು ವರ್ಷದ ಲೆನ್ಸಿನಲ್ಲಿ ಧೂಳಿಲ್ಲದಿದ್ದರೆ ಅದೇ ಅನುಮಾನದ ವಿಷಯ. ಚಿತ್ರಕ್ಕೆ ಅದರಿಂದ ಏನೂ ಆಗುವುದಿಲ್ಲ. ದಾರದ ಎಳೆಗಳಂತೆ, ಬೇರಿನಂತೆ ಕವಲೊಡೆದು ಹಬ್ಬಿದ್ದರೆ ಅದು ಫಂಗಸ್. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಬೆಲೆ ಇಳಿಸಿ ತೆಗೆದುಕೊಳ್ಳಬಹುದು, ನಡುವೆ ಇದ್ದರೆ ಕೈಮುಗಿದು ಬನ್ನಿ. ಗಾಜಿನ ಮೇಲೆ ಉಸಿರು ಬಿಟ್ಟಂತೆ ಒಂದೇ ಸಮನೆ ಹಾಲುಮಬ್ಬು ಇದ್ದರೆ ಒಳಗಿನ ಗ್ರೀಸು ಆವಿಯಾಗಿ ಕೂತಿದೆ ಎಂದು ತಿಳಿಯಿರಿ. ಅಂಚಿನಿಂದ ಒಳಕ್ಕೆ ಕಾಮನಬಿಲ್ಲಿನ ಬಣ್ಣದ ಕಲೆ ಬಂದಿದ್ದರೆ ಎರಡು ಗಾಜುಗಳನ್ನು ಕೂಡಿಸಿದ ಅಂಟು ಬಿಟ್ಟಿದೆ, ಅದಕ್ಕೆ ನಮ್ಮ ಕಡೆ ಮದ್ದಿಲ್ಲ.

ಮುಂದಿನ ಗಾಜಿನ ಗೀರಿಗೆ ಹೆದರಬೇಡಿ. ಹಿಂದಿನ ಗಾಜಿನ ಗೀರಿಗೆ ಹೆದರಿ. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿ ಕೂತ ಸೆನ್ಸರಿಗೆ ಹತ್ತಿರ ಇರುವುದು ಅದು, ಅಲ್ಲಿ ಆದದ್ದು ಚಿತ್ರದಲ್ಲಿ ಕಾಣುತ್ತದೆ.

ಆಮೇಲೆ ಅಪರ್ಚರ್ ಎಲೆಗಳು. ಅವುಗಳ ಮೇಲೆ ಎಣ್ಣೆಯ ಜಿಡ್ಡು ಇದ್ದರೆ ಸ್ಪ್ರಿಂಗಿನಿಂದ ಮುಚ್ಚಿಕೊಳ್ಳುವ ಲೆನ್ಸುಗಳು ಸಿಕ್ಕಿಹಾಕಿಕೊಳ್ಳುತ್ತವೆ. ಹೀಲಿಯೋಸ್ 44-2ರಲ್ಲಿ ಸ್ಪ್ರಿಂಗ್ ಇಲ್ಲ, ಎಲೆಗಳನ್ನು ಕೈಯಿಂದಲೇ ತೆರೆದು ಮುಚ್ಚಬೇಕು, ಹಾಗಾಗಿ ಸ್ವಲ್ಪ ಜಿಡ್ಡಿದ್ದರೂ ನಡೆದೀತು. ಅದಕ್ಕೆ ಎರಡು ಉಂಗುರ: ಒಂದರಲ್ಲಿ ಎಲ್ಲಿಯವರೆಗೆ ಮುಚ್ಚಬೇಕು ಎಂದು ಗೆರೆ ಹಾಕುತ್ತೀರಿ, ಇನ್ನೊಂದು ಕಟಕಟ ಸದ್ದಿಲ್ಲದೆ ನುಣ್ಣಗೆ ತಿರುಗುತ್ತದೆ. ಫೋಟೋ ತೆಗೆಯುವವರಿಗೆ ಇದು ತಲೆನೋವಾಗಿತ್ತು, ನಮ್ಮ ಮಾವನೂ ಅದನ್ನು ಬೈದುಕೊಂಡೇ ಬಳಸಿದವರು. ಸಿನಿಮಾದವರಿಗೆ ಇದೇ ವರ. ಶಾಟ್ ನಡೆಯುತ್ತಿರುವಾಗಲೇ ನೆರಳಿನಿಂದ ಬಿಸಿಲಿಗೆ ಬರುವ ಪಾತ್ರದ ಜೊತೆ ಅಪರ್ಚರನ್ನು ಮೆಲ್ಲಗೆ ಇಳಿಸಬಹುದು. ಹೊಸ ಲೆನ್ಸಿನಲ್ಲಿ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ.

ಫೋಕಸ್ ಉಂಗುರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ತಿರುಗಿಸಿ ನೋಡಿ. ಹಳೆಯ ಗ್ರೀಸು ಗಟ್ಟಿಯಾಗಿ ಬೀಸುವ ಕಲ್ಲಿನಂತೆ ತಿರುಗುತ್ತಿದ್ದರೆ ಬಿಚ್ಚಿ ಹೊಸ ಗ್ರೀಸು ಹಾಕಿಸಬೇಕು, ಅದಕ್ಕೆ ಕೈ ಗೊತ್ತಿದ್ದವರು ಬೇಕು. ಮನೆಯಲ್ಲಿ ನೀವೇ ಸ್ಕ್ರೂ ಬಿಚ್ಚಿದರೆ ಉಂಗುರ ಕಳಚಿ ಬರುತ್ತದೆ, ಯಾವ ಎಳೆಯಲ್ಲಿ ಕೂತಿತ್ತು ಎಂದು ಗೊತ್ತಾಗದೆ ಎರಡು ದಿನ ಅದರ ಮುಂದೆ ಕೂರುತ್ತೀರಿ. ನಾನು ಕೂತಿದ್ದೇನೆ.

ಮಾವನ ಅಲಮಾರಿಯಲ್ಲಿ ಟಾರ್ಚ್ ಹೇಳಿದ ಕತೆ ವಿಚಿತ್ರವಾಗಿತ್ತು. ಧೂಳು ಮೆತ್ತಿಕೊಂಡು ಅನಾಥವಾಗಿದ್ದ ಹೀಲಿಯೋಸ್ ಒಳಗೆ ಸ್ವಚ್ಛ. ಚರ್ಮದ ಕವಚದಲ್ಲಿ ಮಗುವಿನಂತೆ ಮಲಗಿಸಿದ್ದ 135 ಎಂಎಂ ಪೂರ್ತಿ ಬೂಷ್ಟು. ನಮ್ಮದು ಒಣ ಸೀಮೆ, ಫಂಗಸ್ ಕರಾವಳಿಯವರ ಗೋಳು ಎಂದುಕೊಂಡಿದ್ದೆ. ಆದರೆ ಚರ್ಮವು ಮಳೆಗಾಲದ ತೇವವನ್ನು ಕುಡಿದು ಇಟ್ಟುಕೊಳ್ಳುತ್ತದೆ, ಒಳಗೆ ಗಾಳಿಯಿಲ್ಲ, ಕತ್ತಲೆ ಬೇರೆ. ಆದ್ದರಿಂದ ಕವಚವನ್ನು ನೆನಪಿಗೆ ಬೇಕಾದರೆ ಬೇರೆ ಇಡಿ, ಲೆನ್ಸನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆಗಳ ಜೊತೆ ಇಡಿ. ಹೊಸ ಚಪ್ಪಲಿ, ಬ್ಯಾಗು ತಂದಾಗ ಬರುವ ಪುಡಿಕೆಗಳನ್ನು ಎಸೆಯದಂತೆ ಮನೆಯವರಿಗೆಲ್ಲ ಹೇಳಿಬಿಡಿ.

ಮಾವನಿಲ್ಲದವರು ಎಲ್ಲಿ ಹುಡುಕಬೇಕು? ಮುಚ್ಚಿದ ಸ್ಟುಡಿಯೋಗಳ ಬೋರ್ಡುಗಳು ಇನ್ನೂ ಗೋಡೆಯ ಮೇಲಿವೆ. ಕಲಬುರಗಿಯ ಸೂಪರ್ ಮಾರ್ಕೆಟ್ ಗಲ್ಲಿಗಳಲ್ಲಿ, ಆಳಂದ, ಸೇಡಂ, ಚಿತ್ತಾಪುರದ ಬಸ್ ನಿಲ್ದಾಣಗಳ ಆಸುಪಾಸಿನಲ್ಲಿ ನಡೆದು ನೋಡಿ. ಕ್ಯಾಮೆರಾ ರಿಪೇರಿ ಮಾಡುತ್ತಿದ್ದವರನ್ನು ವಿಚಾರಿಸಿ. ನನಗೆ ಪರಿಚಯದ ಒಬ್ಬ ಚಾಚಾ ಈಗ ಗಡಿಯಾರ ರಿಪೇರಿ ಮಾಡುತ್ತಾರೆ. ಯಾವ ಊರಿನ ಯಾವ ಸ್ಟುಡಿಯೋದವರ ಬಳಿ ಯಾವ ಲೆನ್ಸಿತ್ತು ಎಂಬುದು ಅವರಿಗೆ ಇಂದಿಗೂ ಬಾಯಿಪಾಠ. 'ಬೇಟಿ, ಆ ನಿಕಾನಿನ ಮೂರನೇ ಸ್ಕ್ರೂ ನಾನೇ ಹಾಕಿದ್ದು' ಎನ್ನುತ್ತಾರೆ. ಹೈದರಾಬಾದಿಗೆ ಹೋಗುವವರು ಎರ್ರಗಡ್ಡದ ಭಾನುವಾರದ ಸಂತೆಯಲ್ಲಿ ಕಣ್ಣಾಡಿಸಬಹುದು. ಮುಂಬಯಿಯಲ್ಲಿ ಸಿಎಸ್‌ಎಂಟಿ ನಿಲ್ದಾಣದ ಎದುರಿನ ಬೋರಾ ಬಜಾರ್ ಇದೆ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಅಲ್ಲೇ ಇಳಿಯುವುದು.

ಕೈಗೆ ಬರುವ ಎಲ್ಲ ಹಳೆಯ ಕ್ಯಾಮೆರಾವೂ ನಮಗೆ ಉಪಯೋಗವಿಲ್ಲ. ಮನೆಮನೆಯಲ್ಲಿದ್ದ ಯಾಶಿಕಾದ ಚಿಕ್ಕ ಕ್ಯಾಮೆರಾಗಳ ಲೆನ್ಸ್ ಕಳಚುವುದಿಲ್ಲ. ಎರಡು ಕಣ್ಣಿನ ಡಬ್ಬಿ ಕ್ಯಾಮೆರಾ ಮೇಜಿನ ಮೇಲಿಡಲು ಚೆಂದ, ಅಷ್ಟೇ. ತಿರುಗಿಸಿದರೆ ಲೆನ್ಸ್ ಬೇರೆಯಾಗುವ ಜೆನಿಟ್, ಪ್ರಾಕ್ಟಿಕಾ, ಪೆಂಟಾಕ್ಸ್, ನಿಕಾನ್, ಮಿನೋಲ್ಟಾ, ಯಾಶಿಕಾದ ಎಫ್‌ಎಕ್ಸ್ ಸಾಲಿನವು, ಇವು ಸಿಕ್ಕರೆ ನಿಲ್ಲಿ. ಕೊಡುವವರಿಗೆ ಬೆಲೆ ಗೊತ್ತಿಲ್ಲವೆಂದು ನೂರು ರೂಪಾಯಿಗೆ ಎತ್ತಿಕೊಂಡು ಬರಬೇಡಿ. ಆ ಗಾಜಿನಿಂದ ಅವರು ಮಕ್ಕಳನ್ನು ಓದಿಸಿದ್ದಾರೆ.

ಇನ್ನು ಕ್ಯಾಮೆರಾ. ಚಿಕ್ಕವರಿದ್ದಾಗ ಬಿಸಿಲಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಟ್ಟಿದ್ದೀರಲ್ಲ? ಗಾಜನ್ನು ಒಂದು ಎತ್ತರದಲ್ಲಿ ಹಿಡಿದರೆ ಮಾತ್ರ ಬಿಸಿಲು ಚುಕ್ಕಿಯಾಗುತ್ತದೆ, ಮೇಲೆ ಕೆಳಗೆ ಮಾಡಿದರೆ ಹರಡಿಕೊಳ್ಳುತ್ತದೆ. ಪ್ರತಿಯೊಂದು ಕಂಪನಿಯ ಲೆನ್ಸಿಗೂ ತನ್ನ ಹಿಂಬದಿಯಿಂದ ಫಿಲ್ಮಿಗೆ ಇರಬೇಕಾದ ಇಂಥದೊಂದು ಅಂತರ ನಿಗದಿಯಾಗಿದೆ. ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಬಾಯಿಗೆ ಮೌಂಟ್ ಎಂದು ಹೆಸರು. ಜೆನಿಟ್, ಪ್ರಾಕ್ಟಿಕಾಗಳ ತಿರುಪಿನ ಮೌಂಟನ್ನು ಎಂ42 ಎನ್ನುತ್ತಾರೆ, ತಿರುಪಿನ ಅಗಲ 42 ಮಿಲಿಮೀಟರ್ ಇರುವುದರಿಂದ. ಅದರ ಅಂತರ 45.46 ಮಿಲಿಮೀಟರ್. ಪೆಂಟಾಕ್ಸ್ ಕೆ ಮೌಂಟಿಗೂ ಅಷ್ಟೇ. ನಿಕಾನಿಗೆ 46.5, ಮಿನೋಲ್ಟಾಗೆ 43.5, ಕ್ಯಾನನ್ನಿನ ಹಳೆಯ ಎಫ್‌ಡಿ ಲೆನ್ಸುಗಳಿಗೆ 42. ಈಗ ನೀವು ಕೊಳ್ಳುವ ಕ್ಯಾಮೆರಾದ ಅಂತರ ಇದಕ್ಕಿಂತ ಕಡಿಮೆ ಇರಬೇಕು. ಉಳಿದ ಜಾಗವನ್ನು ಅಡಾಪ್ಟರ್ ಎಂಬ ಲೋಹದ ಉಂಗುರ ತುಂಬುತ್ತದೆ. ಕ್ಯಾಮೆರಾದ ಅಂತರವೇ ಹೆಚ್ಚಾದರೆ ಹತ್ತಿರದ ಮುಖ ಸ್ಪಷ್ಟ, ದೂರದ ಗುಮ್ಮಟ ಯಾವತ್ತೂ ಮಸಕು.

ಡಿಎಸ್‌ಎಲ್‌ಆರ್ ಎಂದರೆ ಒಳಗೆ ಕನ್ನಡಿ ಇರುವ ಡಿಜಿಟಲ್ ಕ್ಯಾಮೆರಾ. ಕ್ಯಾನನ್ನಿನ ಡಿಎಸ್‌ಎಲ್‌ಆರ್‌ಗಳ ಅಂತರ 44 ಮಿಲಿಮೀಟರ್. ಹಾಗಾಗಿ ಎಂ42, ನಿಕಾನ್ ಲೆನ್ಸುಗಳು ಅದಕ್ಕೆ ಸಲೀಸಾಗಿ ಒಗ್ಗುತ್ತವೆ. ತಮಾಷೆಯೆಂದರೆ ಕ್ಯಾನನ್ನಿನದೇ ಹಳೆಯ ಎಫ್‌ಡಿ ಲೆನ್ಸ್ ಒಗ್ಗುವುದಿಲ್ಲ, ತವರಿನಲ್ಲೇ ಜಾಗವಿಲ್ಲದವರಂತೆ. ನಿಕಾನ್ ಡಿಎಸ್‌ಎಲ್‌ಆರ್ ಕೊಂಡರೆ ನಿಕಾನ್ ಲೆನ್ಸುಗಳಷ್ಟೇ ನೆಟ್ಟಗೆ ನಡೆಯುತ್ತವೆ. ನಡುವೆ ಗಾಜಿರುವ ಅಡಾಪ್ಟರುಗಳೂ ಬರುತ್ತವೆ, ಆದರೆ ಅಗ್ಗದ ಆ ಗಾಜು ನಿಮ್ಮ ಒಳ್ಳೆಯ ಗಾಜನ್ನು ಕೆಡಿಸುತ್ತದೆ. ಆ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ಜಗಳವೇ ಇಲ್ಲ. ಸೋನಿ ಇ ಮೌಂಟಿನ ಅಂತರ 18 ಮಿಲಿಮೀಟರ್, ಪ್ಯಾನಾಸೋನಿಕ್ ಬಳಸುವ ಮೈಕ್ರೋ ಫೋರ್ ಥರ್ಡ್ಸ್‌ನದು 19.25. ಯಾವ ಹಳೆಯ ಲೆನ್ಸ್ ಬಂದರೂ ಬಾ ಎನ್ನುತ್ತವೆ. ಪೆಂಟಾಕ್ಸ್ ಕೆ ಲೆನ್ಸನ್ನು ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಹಾಕುವವರು ಮಾತ್ರ ಹುಷಾರು: ಅದರ ಬೆನ್ನಿನಿಂದ ಹೊರಬಂದ ಲೋಹದ ನಾಲಿಗೆ ಒಳಗಿನ ಕನ್ನಡಿಗೆ ತಾಗಬಹುದು.

ಹಣದ ಲೆಕ್ಕದಲ್ಲಿ ನನ್ನ ಮಾತು ಕೇಳುವುದಾದರೆ, ಮದುವೆ ವಿಡಿಯೋ ತೆಗೆಯುವವರು ಬಳಸಿ ಬಿಟ್ಟ ಕ್ಯಾಮೆರಾ ಹಿಡಿಯಿರಿ. ಕ್ಯಾನನ್ 550ಡಿ, 600ಡಿಗಳು 2010, 2011ರಲ್ಲಿ ಬಂದವು. ಎರಡರಲ್ಲೂ 1080 ವಿಡಿಯೋ, ಬೆಳಕನ್ನು ಕೈಯಿಂದಲೇ ಹೊಂದಿಸುವ ಸೌಲಭ್ಯ, ಮೈಕ್ ಚುಚ್ಚಲು ತೂತು ಇವೆ. ನಾನು 600ಡಿಯನ್ನು 11,000ಕ್ಕೆ ಕೊಂಡೆ, ಬ್ಯಾಟರಿ ಎರಡು. ಮ್ಯಾಜಿಕ್ ಲ್ಯಾಂಟರ್ನ್ ಎಂಬ ಉಚಿತ ತಂತ್ರಾಂಶವನ್ನು ಮೆಮೊರಿ ಕಾರ್ಡಿಗೆ ಹಾಕಿಕೊಂಡರೆ ಫೋಕಸ್ ಆದ ಅಂಚುಗಳು ಬಣ್ಣದಲ್ಲಿ ಮಿನುಗುವಂತೆ ಮಾಡಬಹುದು. ಹಾಕುವುದು ನಿಮ್ಮ ಸ್ವಂತ ಜವಾಬ್ದಾರಿ. ಸೋನಿಯ ನೆಕ್ಸ್-5ಎನ್, ಎ6000ಗಳಲ್ಲಿ ಆ ಮಿನುಗು ಮೊದಲಿನಿಂದಲೇ ಇದೆ, ಆದರೆ ಸಾಮಾನ್ಯ ಮೈಕಿಗೆ ತೂತಿಲ್ಲ. ಕೈ ಸ್ವಲ್ಪ ಬಿಚ್ಚುವಂತಿದ್ದರೆ 2015ರ ಪ್ಯಾನಾಸೋನಿಕ್ ಜಿ7: 4ಕೆ, ಮೈಕ್, ಮಿನುಗು ಮೂರೂ ಇವೆ.

ಬಳಸಿದ ಕ್ಯಾಮೆರಾ ನೋಡುವಾಗ ಮುಚ್ಚಳ ಹಾಕಿ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಕತ್ತಲೆಯಲ್ಲಿ ಕೆಂಪು ಬಿಳಿ ಚುಕ್ಕಿಗಳು ಬರುತ್ತವೆಯೇ ಎಂದು ದೊಡ್ಡ ಪರದೆಯಲ್ಲಿ ನೋಡಿ. ಮೈಕ್ ಚುಚ್ಚಿ, ವೈರನ್ನು ಅಲುಗಾಡಿಸಿ ಕೇಳಿ. ಸೋನಿ, ಪ್ಯಾನಾಸೋನಿಕ್‌ಗಳಿಗೆ ಹಳೆಯ ಲೆನ್ಸ್ ಹಾಕಿದ ಕೂಡಲೇ 'ಲೆನ್ಸ್ ಇಲ್ಲ' ಎಂದು ಮುಷ್ಕರ ಹೂಡುತ್ತವೆ. ಮೆನುವಿನಲ್ಲಿ ಲೆನ್ಸ್ ಇಲ್ಲದೆ ಚಿತ್ರ ತೆಗೆಯುವ ಆಯ್ಕೆಯನ್ನು ಆನ್ ಮಾಡಿದರೆ ಸುಮ್ಮನಾಗುತ್ತವೆ. ಇದು ಗೊತ್ತಿಲ್ಲದೆ ಅಡಾಪ್ಟರ್ ಕೆಟ್ಟಿದೆ ಎಂದು ಹಿಂದಿರುಗಿಸಿದವರನ್ನು ಕಂಡಿದ್ದೇನೆ. 550ಡಿ, 600ಡಿಗಳಲ್ಲಿ ಒಂದು ಕಡತ 4 ಜಿಬಿ ತುಂಬಿದರೆ, ಅಂದರೆ ಸುಮಾರು 12 ನಿಮಿಷಕ್ಕೆ, ರೆಕಾರ್ಡಿಂಗ್ ನಿಲ್ಲುತ್ತದೆ. ಕತೆಯ ಚಿತ್ರಕ್ಕೆ ಅದು ತೊಂದರೆಯಲ್ಲ. ಹನ್ನೆರಡು ನಿಮಿಷದ ಶಾಟ್ ತೆಗೆಯುತ್ತಿದ್ದೀರಿ ಎಂದರೆ ತೊಂದರೆ ಬೇರೆಯೇ ಇದೆ.

ಸೆನ್ಸರ್ ಚಿಕ್ಕದಾದಷ್ಟೂ ಲೆನ್ಸ್ ಉದ್ದವಾದಂತೆ ಕಾಣುತ್ತದೆ. ಹೀಲಿಯೋಸ್‌ನ 58 ಎಂಎಂ ಈ ಕ್ಯಾನನ್‌ಗಳ ಮೇಲೆ 93ರಷ್ಟು ಬಿಗಿ ನೋಟ ಕೊಡುತ್ತದೆ, ಜಿ7 ಮೇಲೆ 116. ಮುಖಕ್ಕೆ ಸೊಗಸು. ಆದರೆ ಹತ್ತಡಿ ಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಇಬ್ಬರು ಚೌಕಟ್ಟಿನೊಳಗೆ ಬರುವುದಿಲ್ಲ. ಅಗಲ ನೋಟದ ಹಳೆಯ ಲೆನ್ಸಿಗಾಗಿ ಊರೂರು ಅಲೆಯಬೇಡಿ. 28 ಎಂಎಂ ಸಿಕ್ಕರೂ ಇಲ್ಲಿ ಅದು ಅಗಲವಲ್ಲ. ಕ್ಯಾಮೆರಾ ಜೊತೆ ಬರುವ 18-55 ಪ್ಲಾಸ್ಟಿಕ್ ಲೆನ್ಸನ್ನು ಎಲ್ಲರೂ ಬೈಯುತ್ತಾರೆ. ನನ್ನ ಮೂರೂ ಚಿತ್ರಗಳ ಅಗಲ ನೋಟಗಳು ಅದರವೇ, ಯಾರೂ ಕಂಡುಹಿಡಿದಿಲ್ಲ.

ಮಧ್ಯಾಹ್ನದ ಬಿಸಿಲಿನ ಬಗ್ಗೆ ಹೇಳಲೇಬೇಕು, ಇಲ್ಲಿ ಬೇರೆ ಬೆಳಕಾದರೂ ಎಲ್ಲಿದೆ? ಕ್ಯಾಮೆರಾವನ್ನು ನಮ್ಮ ಕಡೆಯ ಟಿವಿ ಪದ್ಧತಿಯಾದ ಪಾಲ್ ವ್ಯವಸ್ಥೆಗೆ ಹಾಕಿ, ಸೆಕೆಂಡಿಗೆ 25 ಚೌಕಟ್ಟು, ಶಟರ್ ಸೆಕೆಂಡಿನ 50ರಲ್ಲಿ ಒಂದು ಭಾಗ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಒಳಾಂಗಣದ ಟ್ಯೂಬ್‌ಲೈಟ್ ಮಿಣುಕುವುದೂ ಇದರಿಂದ ತಪ್ಪುತ್ತದೆ. ಈಗ ಹೊರಗೆ ಬನ್ನಿ. ಬಿರುಬಿಸಿಲಿನಲ್ಲಿ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು, ಅಂದರೆ ಐಎಸ್‌ಒವನ್ನು 100ಕ್ಕೆ ಇಟ್ಟು ಈ ಶಟರ್‌ನಲ್ಲಿ ಬೆಳಕು ಸರಿಹೋಗಬೇಕಾದರೆ ಅಪರ್ಚರ್ 22ಕ್ಕೆ ಇಳಿಯಬೇಕು. ಹೀಲಿಯೋಸ್ 16ಕ್ಕೇ ನಿಲ್ಲುತ್ತದೆ. 2.8ರಲ್ಲಿ ತೆಗೆಯಬೇಕೆಂದರೆ ಬೆಳಕನ್ನು ಮೆಟ್ಟಿಲಿಗೆ ಅರ್ಧದಂತೆ ಆರು ಮೆಟ್ಟಿಲು ತಗ್ಗಿಸಬೇಕು, ಅಂದರೆ ಅರವತ್ತನಾಲ್ಕರಲ್ಲಿ ಒಂದು ಪಾಲು ಮಾತ್ರ ಒಳಗೆ ಬಿಡುವ ಎನ್‌ಡಿ 64 ಫಿಲ್ಟರ್. ಶಟರ್ ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳುತ್ತೇನೆ ಎಂದರೆ ನಡೆಯುವವರು ಗೊಂಬೆಯಾಟದಂತೆ ಕುಪ್ಪಳಿಸುತ್ತಾರೆ.

ತಿರುಗಿಸಿ ಗಾಢ ಮಾಡುವ ಎನ್‌ಡಿ ಒಂದೇ ಸಾಕು, ಆದರೆ ಅದನ್ನು ಕೊನೆಯವರೆಗೆ ತಿರುಗಿಸಬೇಡಿ, ಚಿತ್ರದ ಮೇಲೆ ಗುಣಾಕಾರದ ಗುರುತಿನಂತೆ ಕಪ್ಪು ಪಟ್ಟೆ ಬೀಳುತ್ತದೆ. ಇನ್ನೊಂದು ಗುಟ್ಟು: ಅದರೊಳಗೆ ಇರುವುದು ಎರಡು ಪೋಲರೈಸರ್, ಅಂದರೆ ಪ್ರತಿಫಲಿಸಿದ ಹೊಳಪನ್ನು ತಡೆಯುವ ಗಾಜುಗಳು. ಅವು ಮುಖದ ಮೇಲಿನ ಬೆವರ ಹೊಳಪನ್ನೂ ನುಂಗುತ್ತವೆ. ದುಡಿಯುವವರ ಮುಖದಿಂದ ಆ ಹೊಳಪು ಹೋದರೆ ಪೌಡರ್ ಹಚ್ಚಿ ನಿಲ್ಲಿಸಿದಂತೆ ಕಾಣುತ್ತದೆ. ಫಿಲ್ಟರನ್ನು ಹಾಗೆಯೇ ಬಿಟ್ಟು, ಮುಖಕ್ಕೆ ಬೆಳಕು ಓರೆಯಾಗಿ ಬೀಳುವಂತೆ ಪಾತ್ರವನ್ನೂ ಕ್ಯಾಮೆರಾವನ್ನೂ ತಿರುಗಿಸಿಕೊಳ್ಳುವುದು ವಾಸಿ. ಫಿಲ್ಟರನ್ನು ದೊಡ್ಡ ಅಳತೆಯದೇ ಕೊಳ್ಳಿ. ಹೀಲಿಯೋಸ್‌ನ ಮೂತಿ 49 ಮಿಲಿಮೀಟರ್, ಅದಕ್ಕೆ ಅಗ್ಗದ ಹೆಚ್ಚುವರಿ ಉಂಗುರ ಹಾಕಿ ಕೂರಿಸಿದರಾಯಿತು.

ಹಳೆಯ ಗಾಜಿನ ಲೇಪನ ತೆಳು. ಪಕ್ಕದಿಂದ ಬಿಸಿಲು ಬಡಿದರೆ ಚಿತ್ರದ ಮೇಲೆ ತೆಳುವಾದ ಬಿಳಿ ಪರದೆ ಬೀಳುತ್ತದೆ. ಎಲ್ಲರೂ ಇದನ್ನು ದೋಷ ಎನ್ನುತ್ತಾರೆ. ನಮ್ಮ ನೆತ್ತಿ ಸುಡುವ ಬಿಸಿಲಿನಲ್ಲಿ ನನಗೆ ಅದು ಬೇಕು: ಹೊಸ ಲೆನ್ಸಿನಲ್ಲಿ ಕಣ್ಣಗುಳಿಗಳು ಇದ್ದಿಲಿನಂತೆ ಕಪ್ಪಾಗುವ ಹೊತ್ತಿನಲ್ಲಿ ಈ ಪರದೆ ನೆರಳನ್ನು ಒಂದಿಷ್ಟು ಮೇಲೆತ್ತುತ್ತದೆ. ಬೇಡವಾದಾಗ ತಡೆಯಲು ಮಾವನ ಫೋಟೋ ಕಾಗದದ ಡಬ್ಬಿಯೊಳಗಿನ ಕಪ್ಪು ಹಾಳೆಯನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಮುಖಕ್ಕೆ ಬೆಳಕು ತಿರುಗಿಸಲು ಬಿಳಿ ಧೋತರ.

ಎರಡನೇ ಚಿತ್ರದ ಮುಖ್ಯ ದೃಶ್ಯ ತೆಗೆದದ್ದು ಎಳ್ಳು ಅಮಾವಾಸ್ಯೆಯ ದಿನ. ಕೋಟೆಯಲ್ಲಿ ಒಂದು ದೃಶ್ಯ ಬರೆದುಕೊಂಡಿದ್ದೆ. ಕಲಬುರಗಿ ಕೋಟೆ, ಬೀದರ್ ಕೋಟೆಗಳಂಥ ಸಂರಕ್ಷಿತ ಜಾಗಗಳಲ್ಲಿ ಸಿನಿಮಾ ತೆಗೆಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಆದ್ದರಿಂದ ಕತೆಯನ್ನೇ ಹೊಲಕ್ಕೆ ಎತ್ತಿಹಾಕಿದೆ. ಅಂದು ಊರೆಲ್ಲ ಹೊಲದಲ್ಲಿರುತ್ತದೆ. ಭಜ್ಜಿ, ಸಜ್ಜೆ ರೊಟ್ಟಿ, ಹೋಳಿಗೆ ಬುತ್ತಿ. ನೂರು ಮಂದಿ ಪಾತ್ರಧಾರಿಗಳು ಬಿಟ್ಟಿಯಾಗಿ. ನಮ್ಮ ಆಯಿ ಹೊಲಕ್ಕೆ ಚರಗದ ನೈವೇದ್ಯ ಚೆಲ್ಲುತ್ತಾ ಬರುವುದು, ಹಿಂದೆ ಬದುವಿನ ಜಾಲಿಗಿಡ. ಹೀಲಿಯೋಸ್ ಹೆಸರುವಾಸಿಯಾದದ್ದು ಇಂಥ ಹಿನ್ನೆಲೆಗೇ. ಇದು ಜರ್ಮನಿಯ ಜೈಸ್ ಬಯೋಟಾರ್ ಲೆನ್ಸನ್ನು ಅನುಸರಿಸಿ ಮಾಡಿದ್ದು. ಪೂರ್ತಿ ತೆರೆದಾಗ ಹಿಂದಿನ ಎಲೆಗಳ ನಡುವಿನ ಬೆಳಕಿನ ಚುಕ್ಕಿಗಳು ಸುಳಿಯಂತೆ ತಿರುಗುತ್ತವೆ. ಅದಕ್ಕೆ ಪಾತ್ರ ಎರಡು ಮೂರು ಮೀಟರ್ ದೂರದಲ್ಲಿರಬೇಕು, ಗಿಡ ಅದರಿಂದ ಸಾಕಷ್ಟು ಹಿಂದಿರಬೇಕು, ಎಲೆ ಸಣ್ಣದಿರಬೇಕು, ಸಂದಿಯಲ್ಲಿ ಆಕಾಶ ಕಾಣಬೇಕು. ಜಾಲಿಗಿಂತ ಒಳ್ಳೆಯ ಗಿಡವಿಲ್ಲ. ಚಿಕ್ಕ ಸೆನ್ಸರ್ ಅಂಚುಗಳನ್ನು ಕತ್ತರಿಸುವುದರಿಂದ ಸುಳಿ ಅರ್ಧ ಮಾತ್ರ ಸಿಗುತ್ತದೆ. ಅಷ್ಟೇ ಒಳ್ಳೆಯದು. ಮೂರನೇ ಸಲ ಸುಳಿ ಬಂದರೆ ನೋಡುವವರು ಆಯಿಯನ್ನು ಬಿಟ್ಟು ಗಿಡ ನೋಡುತ್ತಾರೆ.

ಆಯಿಯ ಸೀರೆ ಇಳಕಲ್ಲಿನದು, ಸಣ್ಣ ಚೌಕಡಿ. ಆ ಕಾಲದ ಡಿಎಸ್‌ಎಲ್‌ಆರ್ ವಿಡಿಯೋಗಳಲ್ಲಿ ಇಂಥ ಸಣ್ಣ ಗೆರೆಗಳ ಮೇಲೆ ಬಣ್ಣದ ಅಲೆಗಳು ಏಳುತ್ತವೆ. ಮಗ್ಗ ಬದಲಿಸಿ ಎಂದು ಇಳಕಲ್ಲಿಗೆ ಹೇಳಿಕಳಿಸಲು ಆಗುವುದಿಲ್ಲ, ಆಯಿಗೂ ಹೇಳಲಾಗದು. ಅಪರ್ಚರ್ ತೆರೆದು, ಫೋಕಸನ್ನು ಸೀರೆಯಿಂದ ಮುಖಕ್ಕೆ ಕೂದಲೆಳೆಯಷ್ಟು ಸರಿಸಿದರೆ ಅಲೆ ಕರಗುತ್ತದೆ.

ಫೋಕಸ್ ಹಿಡಿಯುವುದೇ ಎಲ್ಲಕ್ಕಿಂತ ಕಷ್ಟ. ಈ ಲೆನ್ಸುಗಳಲ್ಲಿ ಆಟೋಫೋಕಸ್ ಇಲ್ಲ, ಉಂಗುರವನ್ನು ಕೈಯಿಂದಲೇ ತಿರುಗಿಸಬೇಕು. ಕ್ಯಾನನ್ ಮೇಲೆ ಹೀಲಿಯೋಸ್ ಇಟ್ಟು, ಎರಡು ಮೀಟರ್ ದೂರದ ಮುಖವನ್ನು ಅಪರ್ಚರ್ 2ರಲ್ಲಿ ತೆಗೆದರೆ ಸ್ಪಷ್ಟವಾಗಿರುವ ಜಾಗ ಒಟ್ಟು ಸುಮಾರು 9 ಸೆಂಟಿಮೀಟರ್, ನಾಲ್ಕು ಬೆರಳಿನ ಅಗಲಕ್ಕಿಂತ ತುಸು ಹೆಚ್ಚು. 5.6ಕ್ಕೆ ಇಳಿಸಿದರೆ ಒಂದು ಗೇಣು. ನಡೆದಾಡುವ ದೃಶ್ಯಕ್ಕೆ ಗೇಣು ಇಟ್ಟುಕೊಳ್ಳಿ, ಕೂತು ಅಳುವ ದೃಶ್ಯಕ್ಕೆ ನಾಲ್ಕು ಬೆರಳು.

ಟೇಪು ಹಿಡಿದು ಅಳೆಯುವ ಸಹಾಯಕರು ನಮಗಿಲ್ಲ. ಬದಲಿಗೆ ನೆಲವಿದೆ. ನಮ್ಮ ಕಡೆಯ ಮನೆ, ಪಡಸಾಲೆ, ಗುಡಿ ಎಲ್ಲ ಕಡೆ ಶಹಾಬಾದ್ ಕಲ್ಲಿನ ಫರಸಿ. ಒಂದು ಫರಸಿಯನ್ನು ಒಮ್ಮೆ ಅಳೆದರೆ ಇಡೀ ನೆಲವೇ ಅಳತೆಪಟ್ಟಿಯಾಗುತ್ತದೆ. ಎರಡಡಿಯ ಕಲ್ಲಾದರೆ, 'ನಾಲ್ಕನೇ ಸಂದಿಯಲ್ಲಿ ನಿಲ್ಲು, ಮಾತು ಮುಗಿಸಿ ಎರಡನೇ ಸಂದಿಗೆ ಬಾ' ಎಂದರೆ ಎಂಟು ಅಡಿಯಿಂದ ನಾಲ್ಕು ಅಡಿ. ಕ್ಯಾಮೆರಾದ ಸೆನ್ಸರಿನ ನೇರಕ್ಕೆ ಒಂದು ಸಂದಿ ಬರುವಂತೆ ಇಟ್ಟುಕೊಳ್ಳಿ. ಲೆನ್ಸಿನ ಉಂಗುರಕ್ಕೆ ಬಿಳಿ ಟೇಪಿನ ಪಟ್ಟಿ ಸುತ್ತಿ, ಪ್ರತಿ ಸಂದಿಗೂ ಪೆನ್ಸಿಲಿನಲ್ಲಿ ಗೆರೆ ಹಾಕಿ. ಲೋಹದ ಹಳೆಯ ಉಂಗುರ ಮುಕ್ಕಾಲು ಸುತ್ತಿನವರೆಗೆ ತಿರುಗುವುದರಿಂದ ಗೆರೆಗಳ ನಡುವೆ ಜಾಗ ಸಿಗುತ್ತದೆ. 18-55ರ ಉಂಗುರದಲ್ಲಿ ಇಷ್ಟು ಗೆರೆ ಹಾಕಲು ಹೋದರೆ ಒಂದರ ಮೇಲೊಂದು ಬೀಳುತ್ತವೆ.

ಈ ಲೆನ್ಸುಗಳಲ್ಲಿ ನಡುಕ ತಡೆಯುವ ವ್ಯವಸ್ಥೆ ಇರುವುದಿಲ್ಲ. ಟ್ರೈಪಾಡ್ ಇಲ್ಲದ ಕಡೆ ನಾನು ಐದು ಕಿಲೋ ತೊಗರಿಬೇಳೆಯ ಚೀಲ ಒಯ್ಯುತ್ತೇನೆ. ಕಟ್ಟೆಯ ಮೇಲೆ, ಟ್ರ್ಯಾಕ್ಟರಿನ ಬಾನೆಟ್ ಮೇಲೆ, ಕಿಟಕಿಯ ಸರಳಿನ ಬುಡದಲ್ಲಿ, ಎಲ್ಲಿಟ್ಟರೂ ಕ್ಯಾಮೆರಾಕ್ಕೆ ತಕ್ಕ ತಗ್ಗು ತಾನೇ ಆಗುತ್ತದೆ. ಶೂಟಿಂಗ್ ಮುಗಿದ ಮೇಲೆ ಸಾರಾಗುತ್ತದೆ.

ಬಣ್ಣದ ವಿಷಯ: ಹೀಲಿಯೋಸ್ ಒಂದು ಛಾಯೆ ಕೊಟ್ಟರೆ ಪೆಂಟಾಕ್ಸ್ ಇನ್ನೊಂದು ಕೊಡುತ್ತದೆ. ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಾಣಿಕೆಯಾದ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬೇಡಿ. ಪ್ರತಿ ಲೆನ್ಸ್ ಬದಲಿಸಿದಾಗ ಒಂದು ಬಿಳಿ ಹಾಳೆಯನ್ನು ಎರಡು ಸೆಕೆಂಡ್ ತೆಗೆದುಕೊಂಡರೆ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಹೊಂದಿಸುವುದು ಹತ್ತು ನಿಮಿಷದ ಕೆಲಸ. ಕ್ಯಾಮೆರಾದೊಳಗೆ ಕಾಂಟ್ರಾಸ್ಟ್, ಶಾರ್ಪ್‌ನೆಸ್ ಎರಡನ್ನೂ ತಳಕ್ಕೆ ಇಳಿಸಿಡಿ. ಧ್ವನಿಗೆ ಬೇರೆ ದಾರಿ ಬೇಡ, ಕಾಲರ್ ಮೈಕನ್ನು ಪಾತ್ರಧಾರಿಯ ಜೇಬಿನಲ್ಲಿರುವ ಮೊಬೈಲಿಗೆ ಚುಚ್ಚಿ, ಒಂದು ಚಪ್ಪಾಳೆ ತಟ್ಟಿ, ಆಮೇಲೆ ಕೂಡಿಸಿ. ಮೇ ತಿಂಗಳಲ್ಲಿ ಲೆನ್ಸನ್ನು ಬೈಕಿನ ಡಿಕ್ಕಿಯಲ್ಲಿ ಬಿಡಬೇಡಿ. ಗ್ರೀಸು ನೀರಾಗಿ ಅಪರ್ಚರ್ ಎಲೆಗಳ ಮೇಲೆ ಹರಿಯುತ್ತದೆ. ಕ್ಯಾಮೆರಾದ ಮೇಲೆ ಛತ್ರಿ ಹಿಡಿಯಲು ಒಬ್ಬರಿರಲಿ, ನಿಮ್ಮ ಮೇಲೆ ಹಿಡಿಯಲು ಯಾರೂ ಬೇಕಾಗಿಲ್ಲ.

ಮಾವನಿಗೆ ಆ ಚಿತ್ರವನ್ನು ಅವರ ಝೆರಾಕ್ಸ್ ಅಂಗಡಿಯಲ್ಲೇ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಬಾಗಿ ನೋಡಿದರು. ಗಿರಾಕಿಯೊಬ್ಬ ಆಧಾರ್ ಕಾರ್ಡು ಹಿಡಿದು ನಿಂತೇ ಇದ್ದ. ಮುಗಿದ ಮೇಲೆ ಮಾವ ಚಿತ್ರವನ್ನು ಹಿಂದಕ್ಕೆ ಓಡಿಸಲು ಹೇಳಿದರು, ಇನ್ನೂ ಹಿಂದಕ್ಕೆ, ಜಾಲಿಗಿಡದ ಮುಂದೆ ಆಯಿ ತಲೆಯೆತ್ತುವಲ್ಲಿಗೆ.

'ಇಲ್ಲಿ ಫೋಕಸ್ ಕಿವಿಯ ಮೇಲಿದೆ, ಕಣ್ಣಿನ ಮೇಲಿಲ್ಲ' ಎಂದರು, ಎದ್ದು ಆಧಾರ್ ಕಾರ್ಡನ್ನು ಯಂತ್ರದ ಮೇಲೆ ಬೋರಲು ಹಾಕುತ್ತಾ. ನಾನು ಆ ಶಾಟನ್ನು ನೂರು ಸಲ ನೋಡಿದ್ದೆ. ಹೌದು, ಕಿವಿಯ ಮೇಲೇ ಇತ್ತು.